ಮಂಡಿ ನೋವು ಕಡಿಮೆಯಾಯಿತು, ಯಾವುದರಿಂದ?

ಫಿನ್ಲೆಂಡಿನ ಐದು ಆಸ್ಪತ್ರೆಗಳಲ್ಲಿ ನಡೆದು 2013ರ ಡಿಸೆಂಬರಿನಲ್ಲಿ ಪ್ರಕಟವಾದ ಒಂದು ಅಧ್ಯಯನದ ವಿವರಗಳನ್ನು ಓದುತ್ತಿದ್ದರೆ ಶಸ್ತ್ರಚಿಕಿತ್ಸಾ ಕೊಠಡಿಯೊಳಗಿನ ದೃಶ್ಯ ಕಣ್ಣಿಗೆ ಕಟ್ಟುತ್ತದೆ. ಸಣ್ಣ ರಂಧ್ರವೊಂದರಿಂದ ಆರ್ತ್ರೋಸ್ಕೋಪ್ ಎಂಬ ಕ್ಯಾಮೆರಾ ಕೊಳವೆಯನ್ನು ರೋಗಿಯ ಮಂಡಿಯೊಳಗೆ ಇಳಿಸಿ, ಎರಡು ಮೂಳೆಗಳ ನಡುವಿನ ಮೆನಿಸ್ಕಸ್ ಎಂಬ ಮೆತ್ತೆ ಹರಿದಿದೆಯೆಂದು ಕಣ್ಣಾರೆ ಕಂಡ ಮೇಲೆ, ನರ್ಸ್ ಒಂದು ಲಕೋಟೆಯನ್ನು ಒಡೆದು ವೈದ್ಯರಿಗೆ ಮಾತ್ರ ತೋರಿಸುತ್ತಾರೆ. ರೋಗಿ ನಿಜವಾದ ಶಸ್ತ್ರಚಿಕಿತ್ಸೆಯ ಗುಂಪಿಗೆ ಸೇರಿದ್ದರೆ ಹರಿದ ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ತೋರಿಕೆಯ ಶಸ್ತ್ರಚಿಕಿತ್ಸೆಯ ಗುಂಪಿಗೆ ಸೇರಿದ್ದರೆ ವೈದ್ಯರು ಎಂದಿನಂತೆಯೇ ಒಂದೊಂದಾಗಿ ಉಪಕರಣಗಳನ್ನು ಕೇಳಿ ಪಡೆಯುತ್ತಾರೆ, ಕಾಲನ್ನು ಮಡಿಸಿ ತಿರುಗಿಸುತ್ತಾರೆ, ಬ್ಲೇಡು ತೆಗೆದ ಯಂತ್ರವನ್ನು ಮಂಡಿಚಿಪ್ಪಿನ ಮೇಲೆ ಹೊರಗಿನಿಂದಲೇ ಒತ್ತಿ ಹಿಡಿಯುತ್ತಾರೆ, ಹೀರುಕೊಳವೆಯ ಸದ್ದು ಕೇಳಿಸುವಂತೆ ಮಾಡುತ್ತಾರೆ. ನಿಜವಾದ ಶಸ್ತ್ರಚಿಕಿತ್ಸೆಗೆ ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ರೋಗಿಯನ್ನು ಅಲ್ಲೇ ಇರಿಸಿಕೊಳ್ಳುತ್ತಾರೆ. ಮಂಡಿಯೊಳಗೆ ಏನನ್ನೂ ಕತ್ತರಿಸುವುದಿಲ್ಲ.

ಈ ಅಧ್ಯಯನದಲ್ಲಿ 35ರಿಂದ 65 ವರ್ಷದೊಳಗಿನ 146 ಮಂದಿ ಇದ್ದರು. ಒಂದು ವರ್ಷ ಕಳೆದ ಮೇಲೆ ಎರಡೂ ಗುಂಪಿನವರ ನೋವು ಗಣನೀಯವಾಗಿ ಇಳಿದಿತ್ತು, ಮತ್ತು ಎರಡು ಗುಂಪುಗಳ ನಡುವೆ ಲೆಕ್ಕಕ್ಕೆ ಬರುವಂಥ ವ್ಯತ್ಯಾಸವೇನೂ ಇರಲಿಲ್ಲ. ಏನನ್ನೂ ಕತ್ತರಿಸದ ಗುಂಪಿನಲ್ಲೂ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ತಮಗೆ ಗುಣ ಕಂಡಿದೆ ಎಂದೇ ಹೇಳಿದ್ದರು. ಆ ಮಾತು ಸುಳ್ಳಾಗಿರಲಿಲ್ಲ. ಅವರ ನೋವು ನಿಜಕ್ಕೂ ಕಡಿಮೆಯಾಗಿತ್ತು. ಆದರೆ ಅದನ್ನು ಕಡಿಮೆ ಮಾಡಿದ್ದು ಮೆತ್ತೆಯ ಹರಿದ ಅಂಚನ್ನು ಕತ್ತರಿಸಿ ತೆಗೆದ ಕೆಲಸವಲ್ಲ ಎಂಬುದು ಮಾತ್ರ ಸಾಬೀತಾಯಿತು.

ಇದಕ್ಕೂ ಮೊದಲೇ, 2002ರಲ್ಲಿ ಪ್ರಕಟವಾದಂತೆ, ಅಮೆರಿಕದ ಹ್ಯೂಸ್ಟನ್ನಿನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯ ಶಸ್ತ್ರವೈದ್ಯ ಬ್ರೂಸ್ ಮೋಸ್ಲಿ ಮತ್ತು ಸಂಗಡಿಗರು ಮಂಡಿ ಸವೆತವಿದ್ದ 180 ಮಂದಿಯ ಮೇಲೆ ಇಂಥದೇ ಪರೀಕ್ಷೆ ನಡೆಸಿದ್ದರು. ಒಂದು ಗುಂಪಿಗೆ ಮಂಡಿಯ ಒಳಭಾಗವನ್ನು ಕೆರೆದು ನಯಗೊಳಿಸಿದರು, ಎರಡನೆಯ ಗುಂಪಿಗೆ ಉಪ್ಪುನೀರಿನಿಂದ ತೊಳೆದರು, ಮೂರನೆಯ ಗುಂಪಿಗೆ ಚರ್ಮದ ಮೇಲೆ ಮೂರು ಸಣ್ಣ ಗಾಯಗಳನ್ನಷ್ಟೇ ಮಾಡಿ ಹೊಲಿದರು. ಎರಡು ವರ್ಷಗಳ ಉದ್ದಕ್ಕೂ ಯಾವ ಹಂತದಲ್ಲಿಯೂ ಮೊದಲ ಎರಡು ಗುಂಪುಗಳು ಮೂರನೆಯದಕ್ಕಿಂತ ಮೇಲಾಗಲಿಲ್ಲ. ತಾನು ವರ್ಷಗಟ್ಟಲೆ ಮಾಡಿಕೊಂಡು ಬಂದ ಶಸ್ತ್ರಚಿಕಿತ್ಸೆಯನ್ನು ತಾನೇ ಒರೆಗೆ ಹಚ್ಚಿ, ಅದು ನಿಲ್ಲಲಿಲ್ಲವೆಂದು ಬಹಿರಂಗವಾಗಿ ಬರೆಯಲು ವೈದ್ಯನೊಬ್ಬನಿಗೆ ಎಷ್ಟು ನಿಷ್ಠೆ ಬೇಕು ಎಂಬುದನ್ನು ನೆನೆದಾಗಲೆಲ್ಲ ನನಗೆ ಆ ವೃತ್ತಿಯ ಮೇಲಿನ ಗೌರವ ಹೆಚ್ಚುತ್ತದೆ. 2017ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ತಜ್ಞರ ಮಂಡಳಿಯು ಎಲ್ಲ ಪುರಾವೆಗಳನ್ನೂ ಕೂಡಿಸಿ ನೋಡಿ, ವಯಸ್ಸಿನ ಸವೆತದಿಂದ ಬಂದ ಮಂಡಿ ನೋವಿಗೆ ಆರ್ತ್ರೋಸ್ಕೋಪಿ ಶಸ್ತ್ರಚಿಕಿತ್ಸೆ ಬೇಡ ಎಂದು ಸ್ಪಷ್ಟ ಶಬ್ದಗಳಲ್ಲಿ ಹೇಳಿತು. ಆಟದಲ್ಲಿ ಬಿದ್ದು ಅಸ್ಥಿರಜ್ಜು ಹರಿದುಕೊಂಡ ಯುವಕರ ವಿಷಯ ಇದಲ್ಲ. ಮಡಿಸಲೂ ಚಾಚಲೂ ಆಗದಂತೆ ಕೀಲು ನಿಜವಾಗಿ ಸಿಕ್ಕಿಹಾಕಿಕೊಂಡವರ ವಿಷಯವೂ ಅಲ್ಲ. ಅಲ್ಲಿ ಶಸ್ತ್ರಚಿಕಿತ್ಸೆಗೆ ಅದರದೇ ಆದ ಸ್ಥಾನವಿದೆ.

ಹಾಗಾದರೆ ಏನನ್ನೂ ಮಾಡದೆಯೇ ನೋವು ಇಳಿದದ್ದು ಹೇಗೆ? ಮಂಡಿ ಸವೆತದ ನೋವು ಒಂದೇ ಮಟ್ಟದಲ್ಲಿ ನಿಲ್ಲುವಂಥದ್ದಲ್ಲ. ಕೆಲವು ವಾರ ಉಲ್ಬಣಿಸುತ್ತದೆ, ಕೆಲವು ವಾರ ತಣ್ಣಗಿರುತ್ತದೆ. ತಣ್ಣಗಿರುವಾಗ ಯಾರೂ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ; ರಾತ್ರಿ ನಿದ್ದೆಗೆಡಿಸುವಷ್ಟು ನೋವಾದಾಗ ಹೋಗುತ್ತಾರೆ. ಏರಿದ್ದು ಹೇಗೂ ಇಳಿಯುವ ಹೊತ್ತಿಗೆ ಸರಿಯಾಗಿ ಯಾವುದೋ ಚಿಕಿತ್ಸೆ ನಡೆದಿರುತ್ತದೆ, ಕೀರ್ತಿಯೆಲ್ಲ ಅದಕ್ಕೇ ಸಲ್ಲುತ್ತದೆ. ಇದಕ್ಕೆ ವೈದ್ಯರ ಆರೈಕೆ, ಭರವಸೆ, ಸೂಜಿಯೋ ಕತ್ತರಿಯೋ ಮೈ ಮುಟ್ಟಿತೆಂಬ ನಂಬಿಕೆ ಇವೆಲ್ಲ ಸೇರುತ್ತವೆ. ನೋವು ಎಂಬುದು ಮಿದುಳು ಕಟ್ಟಿಕೊಡುವ ಅನುಭವವಾದ್ದರಿಂದ ಇವುಗಳ ಪ್ರಭಾವವೂ ನೈಜವೇ. ಆದುದರಿಂದಲೇ ‘ಚಿಕಿತ್ಸೆ ಪಡೆದೆ, ಗುಣವಾಯಿತು’ ಎಂಬ ಸಾವಿರ ಸಾಕ್ಷಿಗಳನ್ನು ಒಟ್ಟುಗೂಡಿಸಿದರೂ ಅವುಗಳಿಂದ ಆ ಚಿಕಿತ್ಸೆಯ ಗುಣ ತಿಳಿಯುವುದಿಲ್ಲ. ಚಿಕಿತ್ಸೆ ಪಡೆಯದೆ, ಪಡೆದೆನೆಂದು ನಂಬಿದವರೊಂದಿಗೆ ಹೋಲಿಸಿದಾಗ ಮಾತ್ರ ತಿಳಿಯುತ್ತದೆ.

ಸ್ಕ್ಯಾನ್ ಚಿತ್ರಗಳೂ ಇಲ್ಲಿ ದಾರಿ ತಪ್ಪಿಸುತ್ತವೆ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಪಟ್ಟಣದಲ್ಲಿ 50ರಿಂದ 90 ವರ್ಷ ವಯಸ್ಸಿನ 991 ಮಂದಿಯನ್ನು, ನೋವಿದೆಯೋ ಇಲ್ಲವೋ ಎಂದು ನೋಡದೆ ಆರಿಸಿಕೊಂಡು, ಅವರ ಮಂಡಿಯ ಎಂಆರ್‌ಐ ತೆಗೆಯಲಾಯಿತು. 2008ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ, ಮೆನಿಸ್ಕಸ್ ಹರಿದಿದ್ದವರಲ್ಲಿ ನೂರಕ್ಕೆ 61 ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ಆ ಮಂಡಿಯಲ್ಲಿ ನೋವಾಗಲಿ ಬಿಗಿತವಾಗಲಿ ಇರಲೇ ಇಲ್ಲ. ಕೂದಲು ನರೆಯುವಂತೆ ಮೆತ್ತೆಯೂ ವಯಸ್ಸಿನೊಡನೆ ಹರಿಯುತ್ತದೆ. ಆದರೆ ‘ಹರಿದಿದೆ’ ಎಂಬ ಒಂದು ಪದ ವರದಿಯಲ್ಲಿ ಕಂಡ ಕೂಡಲೇ, ಹರಿದದ್ದನ್ನು ಸರಿಮಾಡಿಸದೆ ಇರುವುದು ಹೇಗೆ ಎಂದು ರೋಗಿಯ ಮನಸ್ಸೂ ಮನೆಯವರ ಮನಸ್ಸೂ ಓಡುತ್ತವೆ.

ತಿಪಟೂರಿನಲ್ಲಿರುವ ನನ್ನ ದೊಡ್ಡಮ್ಮನವರಿಗೆ ಈಗ ಎಪ್ಪತ್ತರ ಮೇಲೆ. ಎರಡು ವರ್ಷಗಳ ಹಿಂದೆ ಅವರನ್ನು ಮಂಡಿ ನೋವಿಗೆಂದು ಒಂದು ಚಿಕಿತ್ಸಾಲಯಕ್ಕೆ ಕರೆದೊಯ್ದಿದ್ದೆ. ಎಕ್ಸ್‌-ರೇಯನ್ನು ಬೆಳಕಿಗೆ ಹಿಡಿದು ಅಲ್ಲಿನ ವೈದ್ಯರು, “ನೋಡಿ ಅಮ್ಮ, ಗ್ಯಾಪ್ ಕಡಿಮೆಯಾಗಿದೆ, ಒಳಗೆ ಜೆಲ್ ಒಣಗಿದೆ” ಎಂದರು. ನಿಮ್ಮ ರಕ್ತದಿಂದಲೇ ಪ್ಲೇಟ್‌ಲೆಟ್ ಕಣಗಳನ್ನು ಸಾಂದ್ರಗೊಳಿಸಿ ತಯಾರಿಸಿದ ಪಿಆರ್‌ಪಿ ಚುಚ್ಚುಮದ್ದನ್ನು ಮೂರು ಬಾರಿ ಕೊಟ್ಟರೆ ಮೂಳೆಯ ತುದಿಗಳನ್ನು ಹೊದ್ದಿರುವ ಮೃದ್ವಸ್ಥಿ ಮತ್ತೆ ಬೆಳೆಯುತ್ತದೆ, ಮೂರಕ್ಕೂ ಒಟ್ಟಿಗೆ ಹಣ ಕಟ್ಟಿದರೆ ಕಡಿಮೆ ಮಾಡಿಕೊಡುತ್ತೇವೆ ಎಂದೂ ಸೇರಿಸಿದರು. ಯೋಚಿಸಿ ಬರುತ್ತೇವೆಂದು ನಾನು ಹೇಳಿದಾಗ ದೊಡ್ಡಮ್ಮನವರಿಗೆ ಬೇಸರವಾಯಿತು. “ಪಕ್ಕದ ಮನೆಯಾಕೆಗೆ ಅದರಿಂದಲೇ ವಾಸಿಯಾಯಿತಲ್ಲಪ್ಪ, ನನಗ್ಯಾಕೆ ಬೇಡ ಅಂತೀಯ?” ಎಂದು ಬಸ್ಸಿನಲ್ಲಿ ಕೇಳಿದರು. ಆ ಪ್ರಶ್ನೆಗೆ ಅವತ್ತು ನೆಟ್ಟಗೆ ಉತ್ತರಿಸಲು ನನಗೆ ಆಗಲಿಲ್ಲ.

ಪಿಆರ್‌ಪಿಯ ಕುರಿತು ನಡೆದಿರುವ ಗಟ್ಟಿಯಾದ ಅಧ್ಯಯನಗಳಲ್ಲಿ ಆಸ್ಟ್ರೇಲಿಯಾದ್ದು ಒಂದು, 2021ರಲ್ಲಿ ಪ್ರಕಟವಾಯಿತು. ಸೌಮ್ಯದಿಂದ ಮಧ್ಯಮ ಪ್ರಮಾಣದ ಸವೆತವಿದ್ದ 288 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ವಾರಕ್ಕೊಂದರಂತೆ ಮೂರು ಪಿಆರ್‌ಪಿ ಚುಚ್ಚುಮದ್ದು, ಉಳಿದವರಿಗೆ ಬರಿಯ ಉಪ್ಪುನೀರು. ಹನ್ನೊಂದು ಅಂಕಗಳ ನೋವಿನ ಮಾಪಕದಲ್ಲಿ ವರ್ಷದ ಕೊನೆಗೆ ಪಿಆರ್‌ಪಿ ಗುಂಪಿನ ನೋವು 2.1ರಷ್ಟೂ, ಉಪ್ಪುನೀರಿನ ಗುಂಪಿನ ನೋವು 1.8ರಷ್ಟೂ ಇಳಿದಿತ್ತು; ಈ ಅಂತರ ಆಕಸ್ಮಿಕವೆನ್ನಬಹುದಾದಷ್ಟು ಚಿಕ್ಕದು. ಮೃದ್ವಸ್ಥಿಯನ್ನು ಅಳೆದು ನೋಡಿದಾಗ ಎರಡೂ ಗುಂಪುಗಳಲ್ಲಿ ಅದು ಸರಾಸರಿ ಸ್ವಲ್ಪ ಸವೆದಿತ್ತೇ ಹೊರತು ಬೆಳೆದಿರಲಿಲ್ಲ. ಆ ಅಧ್ಯಯನದಲ್ಲಿ ಬಳಸಿದ ಪಿಆರ್‌ಪಿಯಲ್ಲಿ ಪ್ಲೇಟ್‌ಲೆಟ್‌ಗಳ ಸಾಂದ್ರತೆ ಸಾಲದೆಂದು ಕೆಲವು ತಜ್ಞರು ಆಕ್ಷೇಪಿಸಿದ್ದಾರೆ, ಅನುಕೂಲಕರ ಫಲಿತಾಂಶ ತೋರಿಸಿದ ಸಣ್ಣ ಅಧ್ಯಯನಗಳೂ ಇವೆ. ಆದ್ದರಿಂದ ಚರ್ಚೆ ಮುಗಿದಿದೆ ಎನ್ನಲಾರೆ. ಆದರೆ ಮೃದ್ವಸ್ಥಿ ಬೆಳೆಯುತ್ತದೆಂದು ಹೇಳಿ ಹಣ ಪಡೆಯಲು ಈಗಿರುವ ಪುರಾವೆ ಸಾಲದು ಎಂಬುದರಲ್ಲಿ ಸಂಶಯವಿಲ್ಲ. ಅಗ್ಗವಾದ ಸ್ಟಿರಾಯ್ಡ್ ಚುಚ್ಚುಮದ್ದಿನ ಕಥೆ ಬೇರೆ: ಅದು ಕೆಲವು ವಾರಗಳ ಮಟ್ಟಿಗೆ ನೋವನ್ನು ತಗ್ಗಿಸುವುದು ನಿಜ, ಆದರೆ 2017ರ ಒಂದು ಅಧ್ಯಯನದಲ್ಲಿ ಹನ್ನೆರಡು ವಾರಕ್ಕೊಮ್ಮೆ ಎರಡು ವರ್ಷ ಅದನ್ನು ಪಡೆದವರ ನೋವು ಉಪ್ಪುನೀರು ಪಡೆದವರಿಗಿಂತ ಕಡಿಮೆಯಾಗಲಿಲ್ಲ, ಮೃದ್ವಸ್ಥಿ ಮಾತ್ರ ಹೆಚ್ಚು ಸವೆಯಿತು.

ಕಾಂಡಕೋಶ (ಸ್ಟೆಮ್ ಸೆಲ್) ಚಿಕಿತ್ಸೆಯ ವಿಚಾರದಲ್ಲಿ ಕರ್ನಾಟಕಕ್ಕೆ ನೇರ ಸಂಬಂಧವಿದೆ. ಬೆಂಗಳೂರಿನ ಸ್ಟೆಂಪ್ಯುಟಿಕ್ಸ್ ಸಂಸ್ಥೆ, ದಾನಿಗಳ ಅಸ್ಥಿಮಜ್ಜೆಯಿಂದ ತೆಗೆದು ಬೆಳೆಸಿದ ಕೋಶಗಳ ಸಿದ್ಧ ಚುಚ್ಚುಮದ್ದನ್ನು ರೂಪಿಸಿತು. ಮಂಡಿ ಸವೆತಕ್ಕೆ ಅದನ್ನು ಬಳಸಲು ದೇಶದ ಔಷಧ ನಿಯಂತ್ರಕರ ಅನುಮತಿ ದೊರೆತು 2022ರಲ್ಲಿ ಮಾರುಕಟ್ಟೆಗೂ ಬಂತು. ರೋಗಿಗೂ ವೈದ್ಯರಿಗೂ ಯಾವುದನ್ನು ಕೊಡಲಾಗಿದೆಯೆಂದು ತಿಳಿಯದಂತೆ 146 ಮಂದಿಯ ಮೇಲೆ ನಡೆಸಿದ ಅದರ ಮೂರನೆಯ ಹಂತದ ಪರೀಕ್ಷೆಯಲ್ಲಿ, ಹನ್ನೆರಡು ತಿಂಗಳ ಹೊತ್ತಿಗೆ ನೋವು ಮತ್ತು ಬಿಗಿತ ಹೋಲಿಕೆಯ ಗುಂಪಿಗಿಂತ ಹೆಚ್ಚು ಇಳಿದಿತ್ತು. ಸರಿಯಾದ ದಾರಿಯಲ್ಲಿ ನಡೆದ ಕೆಲಸವೆಂದು ಇದನ್ನು ಮೆಚ್ಚಲೇಬೇಕು. ಹಾಗೆಯೇ, ತಯಾರಕರೇ ನಡೆಸಿದ ಈ ಪರೀಕ್ಷೆಯನ್ನು ಬೇರೆಯವರು ದೊಡ್ಡ ಪ್ರಮಾಣದಲ್ಲಿ ಮತ್ತೊಮ್ಮೆ ನಡೆಸಿ ನೋಡಬೇಕೆಂಬುದೂ ಅಷ್ಟೇ ನಿಜ. ಯಾಕೆಂದರೆ ಅಮೆರಿಕದಲ್ಲಿ 475 ಮಂದಿಯ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಬೇರೊಂದು ಅಧ್ಯಯನವು ಮೂರು ಬಗೆಯ ಕೋಶ ಚಿಕಿತ್ಸೆಗಳನ್ನು ಸಾಮಾನ್ಯ ಸ್ಟಿರಾಯ್ಡ್ ಚುಚ್ಚುಮದ್ದಿನೊಂದಿಗೆ ಹೋಲಿಸಿ, ವರ್ಷದ ಕೊನೆಗೆ ಮೂರರಲ್ಲಿ ಒಂದೂ ಅದಕ್ಕಿಂತ ಮೇಲಲ್ಲವೆಂದು ತೋರಿಸಿತು. ಮೂರನೆಯ ಸಂಗತಿಯೆಂದರೆ, ಹೊಟ್ಟೆಯ ಕೊಬ್ಬಿನಿಂದಲೋ ಸೊಂಟದ ಮೂಳೆಯಿಂದಲೋ ಸ್ಥಳದಲ್ಲೇ ಏನನ್ನೋ ತೆಗೆದು ‘ಸ್ಟೆಮ್ ಸೆಲ್’ ಎಂದು ಹೆಸರಿಟ್ಟು ಮಂಡಿಗೆ ಚುಚ್ಚುವ ವ್ಯಾಪಾರ. ಅನುಮತಿ ಪಡೆದ ಔಷಧದ ಹೆಸರಿನ ನೆರಳಿನಲ್ಲಿ ಅದು ಬೆಳೆಯುತ್ತಿರುವುದು ನನ್ನ ಆತಂಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ, ಅನುಮೋದಿತವಲ್ಲದ ಕಾಂಡಕೋಶ ಚಿಕಿತ್ಸೆಗಳನ್ನು ನೋಂದಾಯಿತ ಪರೀಕ್ಷೆಗಳ ಹೊರಗೆ ಕೊಡಬಾರದೆಂದೇ ಹೇಳುತ್ತದೆ.

ವ್ಯಾಯಾಮದ ವಿಷಯಕ್ಕೆ ಬಂದರೆ, ಪ್ರಮುಖ ಮಾರ್ಗಸೂಚಿಗಳು ಅದನ್ನೇ ಮೊದಲ ಚಿಕಿತ್ಸೆಯೆನ್ನುತ್ತವೆ. 2020ರ ಒಂದು ಅಧ್ಯಯನದಲ್ಲಿ ಫಿಸಿಯೋಥೆರಪಿ ಪಡೆದವರು ಸ್ಟಿರಾಯ್ಡ್ ಚುಚ್ಚುಮದ್ದು ಪಡೆದವರಿಗಿಂತ ಒಂದು ವರ್ಷದ ನಂತರ ಸ್ಪಷ್ಟವಾಗಿ ಉತ್ತಮ ಸ್ಥಿತಿಯಲ್ಲಿದ್ದರು. ಆದರೆ ನನಗೆ ಇಷ್ಟವಾದ ಚಿಕಿತ್ಸೆಯೆಂದು ಇದನ್ನು ಒರೆಗೆ ಹಚ್ಚದೆ ಬಿಡುವುದು ನ್ಯಾಯವಲ್ಲ. ಡೆನ್ಮಾರ್ಕಿನಲ್ಲಿ 206 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎಂಟು ವಾರಗಳ ವ್ಯಾಯಾಮ ಮತ್ತು ತಿಳಿವಳಿಕೆ, ಇನ್ನೊಂದಕ್ಕೆ ‘ಇದು ಬರಿಯ ಉಪ್ಪುನೀರು’ ಎಂದು ಮೊದಲೇ ತಿಳಿಸಿ ನಾಲ್ಕು ಚುಚ್ಚುಮದ್ದು ಕೊಡಲಾಯಿತು. ಒಂಬತ್ತನೆಯ ವಾರದಲ್ಲಿ ಎರಡೂ ಗುಂಪುಗಳ ನೋವು ಸರಿಸುಮಾರು ಒಂದೇ ಪ್ರಮಾಣದಲ್ಲಿ ಇಳಿದಿತ್ತು. ಇದು ಪ್ರಕಟವಾದಾಗ ಫಿಸಿಯೋಥೆರಪಿ ವಲಯದಲ್ಲಿ ದೊಡ್ಡ ಚರ್ಚೆಯಾಯಿತು. ವ್ಯಾಯಾಮ ವ್ಯರ್ಥವೆಂದು ಇದರಿಂದ ತೀರ್ಮಾನಿಸಬೇಕಿಲ್ಲ: ತೊಡೆಯ ಸ್ನಾಯು ಬಲಗೊಂಡರೆ ಬೀಳುವ ಭಯ ತಗ್ಗುತ್ತದೆ, ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಒಳ್ಳೆಯದು, ಅಪಾಯವಿಲ್ಲ, ಖರ್ಚಿಲ್ಲ. ಆದರೆ ನೋವನ್ನು ಇಳಿಸುವಲ್ಲಿ ಅದರ ಪಾಲು ನಾವು ಅಂದುಕೊಂಡಿದ್ದಕ್ಕಿಂತ ಚಿಕ್ಕದಿರಬಹುದೆಂದು ಒಪ್ಪಿಕೊಳ್ಳಬೇಕಾಗುತ್ತದೆ.

ದೊಡ್ಡಮ್ಮನವರು ಕೊನೆಗೆ ಚುಚ್ಚುಮದ್ದು ಹಾಕಿಸಿಕೊಳ್ಳಲಿಲ್ಲ. ಸರ್ಕಾರಿ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಒಬ್ಬರು ಹೇಳಿಕೊಟ್ಟಂತೆ, ಹಾಸಿಗೆಯ ಮೇಲೆ ಕಾಲು ಚಾಚಿ, ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟುಕೊಂಡು, ಅದನ್ನು ಹಾಸಿಗೆಗೆ ಒತ್ತಿ ಐದರವರೆಗೆ ಎಣಿಸಿ ಬಿಡುತ್ತಾರೆ. ಆಮೇಲೆ ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರುತ್ತಾರೆ. ಮೊದಲ ತಿಂಗಳು ಮೂರನೆಯ ಸಲಕ್ಕೇ ಕುರ್ಚಿಯ ತೋಳು ಹಿಡಿಯುತ್ತಿದ್ದರು, ಈಗ ಹಿಡಿಯುವುದಿಲ್ಲ. ಮಹಡಿಯ ಮೆಟ್ಟಿಲನ್ನು ಗೋಡೆಗೆ ಕೈಯಾನಿಸಿ ಹತ್ತುತ್ತಾರೆ. ಅವರ ನೋವು ಇಳಿದದ್ದು ವ್ಯಾಯಾಮದಿಂದಲೇ ಎಂದು ನಾನು ಹೇಳಹೊರಟರೆ, ಪಕ್ಕದ ಮನೆಯಾಕೆಯ ಚುಚ್ಚುಮದ್ದಿನ ಕುರಿತು ನಾನೇ ಎತ್ತಿದ ಆಕ್ಷೇಪಣೆಗೆ ಉತ್ತರವಿಲ್ಲದಾಗುತ್ತದೆ.

ಈಚಿನ ವರ್ಷಗಳಲ್ಲಿ ಹೋಲಿಕೆಯ ಪರೀಕ್ಷೆಯನ್ನು ಗೆದ್ದು ಬಂದ ಚಿಕಿತ್ಸೆಗಳೂ ಇಲ್ಲದಿಲ್ಲ, ಮತ್ತು ಅವುಗಳಲ್ಲಿ ಗಮನಾರ್ಹವಾದದ್ದು ಮಂಡಿಯನ್ನು ಮುಟ್ಟುವುದೇ ಇಲ್ಲ. ಬೊಜ್ಜು ಮತ್ತು ಮಂಡಿ ಸವೆತ ಎರಡೂ ಇದ್ದ 407 ಮಂದಿಗೆ 68 ವಾರಗಳ ಕಾಲ ವಾರಕ್ಕೊಂದು ಸೆಮಗ್ಲುಟೈಡ್ ಎಂಬ ತೂಕ ಇಳಿಸುವ ಚುಚ್ಚುಮದ್ದನ್ನೋ ಅದೇ ರೂಪದ ಹುಸಿಮದ್ದನ್ನೋ ಕೊಟ್ಟು ನೋಡಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಔಷಧ ಪಡೆದವರ ತೂಕ ಸರಾಸರಿ ನೂರಕ್ಕೆ 13.7ರಷ್ಟು ಇಳಿಯಿತು, ನೂರು ಅಂಕಗಳ ಮಾಪಕದಲ್ಲಿ ನೋವು ಸುಮಾರು 42 ಅಂಕ ತಗ್ಗಿತು. ಹುಸಿಮದ್ದಿನವರಲ್ಲಿ ತೂಕ ನೂರಕ್ಕೆ 3.2ರಷ್ಟು, ನೋವು ಸುಮಾರು 28 ಅಂಕ. ಹುಸಿಮದ್ದಿನವರಲ್ಲೂ ನೋವು ಅಷ್ಟು ಇಳಿದದ್ದನ್ನು ಗಮನಿಸಬೇಕು. ಔಷಧದ ನಿಜವಾದ ಗಳಿಕೆ ಉಳಿದ 14 ಅಂಕ ಮಾತ್ರ. ಆದರೂ ಮಂಡಿ ನೋವಿನ ಔಷಧಗಳ ನಡುವೆ ಅದು ಸಣ್ಣದಲ್ಲ. ಈ ಫಲಿತಾಂಶ ಬೊಜ್ಜಿರುವವರಿಗೆ ಮಾತ್ರ ಅನ್ವಯಿಸುತ್ತದೆ. ಸಣಕಲು ದೇಹದ, ಸ್ನಾಯುಗಳೇ ಕರಗಿರುವ ವೃದ್ಧೆಯೊಬ್ಬರು ತೂಕ ಇಳಿಸುವ ಔಷಧ ತೆಗೆದುಕೊಂಡರೆ ಕೇಡೇ ಹೆಚ್ಚು.

ಕೀಲು ಪೂರ್ತಿ ಸವೆದು ಮೂಳೆಗೆ ಮೂಳೆ ಉಜ್ಜುವ ಹಂತಕ್ಕೆ ಬಂದವರಿಗೆ ಮಂಡಿ ಬದಲಿ ಶಸ್ತ್ರಚಿಕಿತ್ಸೆ ಇಂದಿಗೂ ದೊಡ್ಡ ವರವೇ. ಡೆನ್ಮಾರ್ಕಿನ 2015ರ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಗೆ ಅರ್ಹರಾಗಿದ್ದ 100 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಮಂಡಿ ಬದಲಿಸಿ ಹನ್ನೆರಡು ವಾರಗಳ ವ್ಯಾಯಾಮ, ಪಥ್ಯ, ಔಷಧಗಳನ್ನು ಕೊಟ್ಟರು. ಉಳಿದವರಿಗೆ ಶಸ್ತ್ರಚಿಕಿತ್ಸೆಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ. ವರ್ಷದ ಕೊನೆಗೆ ಮಂಡಿ ಬದಲಿಸಿಕೊಂಡವರ ಸುಧಾರಣೆ ಹೆಚ್ಚುಕಡಿಮೆ ಇಮ್ಮಡಿಯಿತ್ತು, ಗಂಭೀರ ತೊಂದರೆಗಳೂ ಅವರಲ್ಲೇ ಹೆಚ್ಚಿದ್ದವು. ಆದರೆ ಶಸ್ತ್ರಚಿಕಿತ್ಸೆಯಿಲ್ಲದ ಗುಂಪಿನ ಐವತ್ತು ಜನರಲ್ಲಿ ಆ ವರ್ಷದೊಳಗೆ ಮಂಡಿ ಬದಲಿಸಿಕೊಳ್ಳಲು ಬಂದವರು ಹದಿಮೂರು ಮಂದಿ ಮಾತ್ರ. ಅರ್ಹರೆನಿಸಿಕೊಂಡವರೆಲ್ಲರಿಗೂ ನಾಳೆಯೇ ಆಗಬೇಕೆಂದೇನೂ ಇಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಲೆಕ್ಕ ನನಗೆ ಸಿಕ್ಕಿಲ್ಲ. ಕೃತಕ ಮಂಡಿಯ ಬಾಳಿಕೆಯ ಬಗ್ಗೆ ಹಿಂದಿದ್ದ ಭಯವೂ ಈಗ ಬೇಡ. ನೂರಕ್ಕೆ ಸುಮಾರು 82 ಕೃತಕ ಮಂಡಿಗಳು 25 ವರ್ಷ ಬಾಳುತ್ತವೆಂದು ದೇಶಗಳ ನೋಂದಣಿ ದಾಖಲೆಗಳನ್ನು ಒಟ್ಟುಗೂಡಿಸಿ 2019ರಲ್ಲಿ ಅಂದಾಜು ಮಾಡಲಾಗಿದೆ.

ಈ ಕೊನೆಯ ಅಂಕಿ ಸಿಕ್ಕಿದ್ದೇ ಕೆಲವು ದೇಶಗಳು ಎಣಿಸಿಟ್ಟುಕೊಂಡದ್ದರಿಂದ. ಸ್ವೀಡನ್ನಿನಲ್ಲಿ 1975ರಿಂದ ಕೃತಕ ಮಂಡಿಗಳು ದಾಖಲಾಗುತ್ತಿವೆ: ಯಾರಿಗೆ, ಯಾವ ಮಾದರಿ, ಎಂದು ಕೆಟ್ಟಿತು. ನಮ್ಮಲ್ಲಿ ಶಸ್ತ್ರವೈದ್ಯರ ಸಂಘವೊಂದು 2006ರಿಂದ ನಡೆಸುತ್ತಿರುವ ನೋಂದಣಿಯಿದೆ, ಅದಕ್ಕೆ ಮಾಹಿತಿ ಕೊಡುವುದು ಐಚ್ಛಿಕ. 2017ರ ಆಗಸ್ಟ್ 16ರಂದು ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್-ಕ್ರೋಮಿಯಂ ಮಂಡಿಯ ಬೆಲೆಗೆ ತೆರಿಗೆ ಬಿಟ್ಟು 54,720 ರೂಪಾಯಿಯ ಮಿತಿ ಹಾಕಿತು. ಅಲ್ಲಿಯವರೆಗೆ ಅದರ ಸರಾಸರಿ ಬೆಲೆ ಒಂದೂವರೆ ಲಕ್ಷವನ್ನು ಮೀರಿತ್ತು. ಸಾವಿರಾರು ಕುಟುಂಬಗಳಿಗೆ ಅದರಿಂದ ನೆರವಾಗಿದೆ. ಬೆಲೆಯನ್ನು ಹಿಡಿತಕ್ಕೆ ತಂದಷ್ಟೇ ಗಟ್ಟಿಯಾಗಿ, ಹಾಕಿದ ಪ್ರತಿ ಮಂಡಿಯ ಲೆಕ್ಕವಿಡುವುದನ್ನೂ ಕಡ್ಡಾಯ ಮಾಡಿದ್ದರೆ, ಎಂಟು ಹತ್ತು ವರ್ಷಗಳಲ್ಲಿ ನಮ್ಮದೇ ಅಂಕಿಗಳು ನಮ್ಮ ಕೈಯಲ್ಲಿರುತ್ತಿದ್ದವು.

ನಮ್ಮದೇ ಅಂಕಿಗಳು ಬೇಕೆನ್ನಲು ಇನ್ನೊಂದು ಕಾರಣವಿದೆ. ಇಲ್ಲಿ ಹೇಳಿದ ಅಧ್ಯಯನಗಳಲ್ಲಿ ಹಲವು ಬಳಸಿರುವುದು ಕೆನಡಾದ ಎರಡು ವಿಶ್ವವಿದ್ಯಾಲಯಗಳಲ್ಲಿ ರೂಪುಗೊಂಡ ವೋಮ್ಯಾಕ್ ಎಂಬ 24 ಪ್ರಶ್ನೆಗಳ ಮಾಪಕವನ್ನು. ಮೆಟ್ಟಿಲು ಹತ್ತಲು ಕಷ್ಟವೇ, ಕಾರಿನಿಂದ ಇಳಿಯಲು ಕಷ್ಟವೇ, ಸ್ನಾನದ ತೊಟ್ಟಿಯಿಂದ ಏಳಲು ಕಷ್ಟವೇ, ಕಾಲುಚೀಲ ಹಾಕಿಕೊಳ್ಳಲು ಕಷ್ಟವೇ ಎಂದು ಅದು ಕೇಳುತ್ತದೆ. ಚಕ್ಕಳಮಕ್ಕಳ ಹಾಕಿ ಕೂರಲು ಆಗುತ್ತದೆಯೇ, ಕುಕ್ಕರಗಾಲಿನಲ್ಲಿ ಕೂತು ಏಳಲು ಆಗುತ್ತದೆಯೇ ಎಂಬ ಪ್ರಶ್ನೆ ಮೂಲದಲ್ಲಿ ಇಲ್ಲ. ಪುಣೆಯ ಸಂಧಿರೋಗ ತಜ್ಞರು ಇವುಗಳನ್ನು ಸೇರಿಸಿ ಮಾಪಕವನ್ನು ಮಾರ್ಪಡಿಸಿದ್ದಾರೆ, ಅದು ಬೇಕಾಗಿದ್ದ ಕೆಲಸ. ಬಾಗಿ ನಾಟಿ ಮಾಡುವ, ನೆಲಕ್ಕೆ ಕೂತು ಅವರೆ ಸುಲಿಯುವ, ಶೌಚಕ್ಕೆ ಕುಕ್ಕರಗಾಲಿನಲ್ಲಿ ಕೂರಲೇಬೇಕಾದ ಹೆಂಗಸಿಗೆ ಕಾರಿನಿಂದ ಇಳಿಯುವ ಅಂಕ ಹೆಚ್ಚಿದರೆ ಏನು ಬಂತು? ದೇಶದಲ್ಲಿ ಕೀಲು ಸವೆತದಿಂದ ನರಳುವವರ ಸಂಖ್ಯೆ 2019ರ ಅಂದಾಜಿನಂತೆ ಸುಮಾರು 6.2 ಕೋಟಿ. ಅವರಿಗಾಗಿ ಪಿಆರ್‌ಪಿಯನ್ನೂ, ಕೋಶ ಚಿಕಿತ್ಸೆಯನ್ನೂ, ವ್ಯಾಯಾಮವನ್ನೂ ಉಪ್ಪುನೀರಿನ ಎದುರು ನಿಲ್ಲಿಸಿ, ನೆಲದ ಮೇಲೆ ಕೂತು ಏಳುವುದನ್ನೇ ಅಳತೆಗೋಲಾಗಿ ಇಟ್ಟುಕೊಂಡು, ಜಿಲ್ಲಾ ಆಸ್ಪತ್ರೆಗಳಲ್ಲಿ ದೊಡ್ಡ ಪ್ರಮಾಣದ ಪರೀಕ್ಷೆಗಳನ್ನು ನಡೆಸಲು ನಮ್ಮ ವೈದ್ಯಕೀಯ ಕಾಲೇಜುಗಳಿಗೆ ಬೇಕಾದ ರೋಗಿಗಳೂ ಇದ್ದಾರೆ, ತಜ್ಞರೂ ಇದ್ದಾರೆ. ಉಪ್ಪುನೀರಿಗಂತೂ ಹೆಚ್ಚು ಖರ್ಚಿಲ್ಲ.